ಗುರುವಾರದ ಕೊಲೆ ಮತ್ತು ಕಲ್ಲುಸಕ್ಕರೆ

ನನ್ನ ಗಂಟಲು ದೊಡ್ಡದು, ಒಪ್ಪಿಕೊಳ್ಳುತ್ತೇನೆ. ಆದರೆ ಅದು ನನ್ನ ತಪ್ಪಲ್ಲ. ಮೂವತ್ತೆರಡು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವಳು ನಾನು. ಬೆಲ್ಟು ತಿರುಗುತ್ತಿರುವಾಗ ಈ ರಾಗಿ ಯಾರದು, ಆ ಗೋಧಿ ಯಾರದು ಎಂದು ಪಿಸುಮಾತಿನಲ್ಲಿ ಕೇಳಲಾಗುತ್ತದೆಯೇ? ಬೇರೆ ಊರಾಗಿದ್ದರೆ ಗಟ್ಟಿಬಾಯಿ ನೀಲಕ್ಕ ಎಂದು ಒಂದು ಅಡ್ಡಹೆಸರು ಕೊಟ್ಟು ಜನ ಸುಮ್ಮನಾಗುತ್ತಿದ್ದರು. ನಮ್ಮೂರಿನಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ನಮ್ಮೂರಿನಲ್ಲಿ ನೋಡುವವರು ಆಡಿದ ಮಾತು ಪರದೆಯೊಳಗಿನವರಿಗೆ ಕೇಳಿಸುತ್ತದೆ.

ಮೊದಲು ಮನೆಮನೆಯಲ್ಲೂ ಟಿವಿ ಇತ್ತು. ಆಗಿನ ಅವಾಂತರ ಹೇಳತೀರದು. ಅತ್ತೆ ಹಾಲಿಗೆ ವಿಷ ಬೆರೆಸಿದ ಕೂಡಲೇ ಯಾವ ಮನೆಯ ಅಜ್ಜಿಯೋ “ಕುಡೀಬೇಡ ಕಣೇ ತಾಯಿ” ಎಂದು ಕೂಗುವುದು, ಒಳಗಿನ ಸೊಸೆ ಲೋಟ ಕೆಳಗಿಡುವುದು, ಇಪ್ಪತ್ತು ವರ್ಷ ನಡೆಯಬೇಕಾಗಿದ್ದ ಧಾರಾವಾಹಿ ಬುಧವಾರಕ್ಕೇ ಮುಗಿಯುವುದು. ಒಮ್ಮೆ ತಾಳಿ ಕಟ್ಟುವ ಹೊತ್ತಿಗೆ “ಅವನಿಗೆ ಆಗ್ಲೇ ಮದುವೆ ಆಗಿದೆ!” ಎಂದು ಯಾರೋ ಒದರಿ, ಛತ್ರದಲ್ಲಿ ಹೊಡೆದಾಟವಾಗಿ, ಆಮೇಲೆ ಮೂರು ವಾರ ಅಡುಗೆಯವರು ಪಾತ್ರೆ ತೊಳೆಯುವುದನ್ನೇ ನಾವು ನೋಡಬೇಕಾಯಿತು. ಕೊನೆಗೆ ಊರು ಸೇರಿ ತೀರ್ಮಾನ ಮಾಡಿತು. ಊರಿಗೆಲ್ಲ ಒಂದೇ ಪರದೆ, ಹಳೆಯ ಹತ್ತಿ ಗೋದಾಮಿನಲ್ಲಿ. ವಾರಕ್ಕೊಂದು ಮನೆಗೆ ಮಾತಿನ ಸರದಿ. ಸರದಿ ಬಂದ ಮನೆಯವರಲ್ಲಿ ಒಬ್ಬರು ಪರದೆಯ ಮುಂದೆ ಹಲಸಿನ ಮಣೆಯ ಮೇಲೆ ಕೂರಬೇಕು, ಒಂದೇ ಒಂದು ಮಾತು ಆಡಬಹುದು. ಉಳಿದವರೆಲ್ಲ ಬಾಗಿಲಲ್ಲಿ ಕೊಡುವ ಕಲ್ಲುಸಕ್ಕರೆಯ ಹರಳನ್ನು ಬಾಯಿಗೆ ಹಾಕಿಕೊಂಡು ಕೂರಬೇಕು. ಬಾಯಲ್ಲಿ ಸಿಹಿ ಇರುವವರು ತೆಪ್ಪಗಿರುತ್ತಾರೆ ಎಂಬುದು ಹಿರಿಯರ ನಂಬಿಕೆ. ಊರಲ್ಲಿ ಮುನ್ನೂರೈವತ್ತು ಚಿಲ್ಲರೆ ಮನೆಗಳಿವೆ, ಹಾಗಾಗಿ ಒಂದು ಮನೆಗೆ ಸರದಿ ಬರುವುದು ಏಳು ವರ್ಷಕ್ಕೊಮ್ಮೆ. ಏಳು ವರ್ಷಕ್ಕೊಂದು ಮಾತು ಎಂದರೆ ಜನ ಅದನ್ನು ಎಷ್ಟು ಅಳೆದು ಸುರಿದು ಆಡುತ್ತಾರೆ, ನೀವೇ ಊಹಿಸಿ.

ನನಗೆ ಮಾತ್ರ ಬಾಗಿಲಲ್ಲಿ ನಿಂಬೆಹಣ್ಣಿನ ಗಾತ್ರದ ಹರಳು ಕೊಡುತ್ತಾರೆ. ಕಾರಣವಿದೆ. ಗುರುವಾರ ಸಂಜೆ ಆರೂವರೆಗೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತದೆ. ಅದಕ್ಕೆ ಬೇರೆ ಹೆಸರಿದೆ, ಆದರೆ ಊರೆಲ್ಲ ಅದನ್ನು ‘ಗುರುವಾರದ ಕೊಲೆ’ ಎಂದೇ ಕರೆಯುತ್ತದೆ. ಹಿಂದೊಮ್ಮೆ, ನಮ್ಮ ಸರದಿಯಲ್ಲದ ಒಂದು ವಾರ, ಹರಳು ಬೇಗ ಕರಗಿಹೋಗಿ ನಾನು ತಡೆಯಲಾರದೆ “ಆ ಡ್ರೈವರ್ ಅಂಗೈ ನೋಡ್ರಿ ಸಾರ್, ಗಾಯ ಇದೆ!” ಎಂದು ಕಿರುಚಿಬಿಟ್ಟೆ. ಇನ್ಸ್‌ಪೆಕ್ಟರು ಕೈ ಹಿಡಿದು ನೋಡಿದರು, ಡ್ರೈವರ್ ಒಪ್ಪಿಕೊಂಡ. ಎಂಟು ವಾರ ನಡೆಯಬೇಕಾದ ಕೊಲೆ ಅಲ್ಲಿಗೆ ಮುಗಿಯಿತು. ಉಳಿದ ಏಳು ವಾರ ಇನ್ಸ್‌ಪೆಕ್ಟರು ಠಾಣೆಯಲ್ಲಿ ಕೂತು ಉಗುರು ಕತ್ತರಿಸಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರು ನನ್ನನ್ನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ.

ನಾನೇನು ಸಿನಿಮಾ ಪಂಡಿತೆಯಲ್ಲ. ಗಿರಣಿ ಬಾಗಿಲು ಹಾಕಿ, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಹೋಗಿ ಕೂರುವವಳು, ಅರ್ಧ ಸಿನಿಮಾ ತೂಕಡಿಸುವವಳು. ಆದರೂ ನನ್ನ ಅಭಿಪ್ರಾಯಗಳಿಗೇನೂ ಬರವಿಲ್ಲ. ಪ್ರೇಮದ ಸಿನಿಮಾದಲ್ಲಿ ಹಾಡು ಬಂತೆಂದರೆ ಹುಡುಗಿಯನ್ನು ತೆಳು ಸೀರೆಯಲ್ಲಿ ಹಿಮದ ಮೇಲೆ ನಿಲ್ಲಿಸಿ ಹುಡುಗ ತಾನು ಮಾತ್ರ ಕೋಟು ಹಾಕಿಕೊಂಡಿರುತ್ತಾನೆ. ಅಂಥವನ ಸಹವಾಸ ಬೇಡ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತದೆ. ಹೊಡೆದಾಟದ ಸಿನಿಮಾದಲ್ಲಿ ಇಪ್ಪತ್ತು ಜನ ರೌಡಿಗಳು ಒಬ್ಬನನ್ನು ಹೊಡೆಯಲು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ರೇಷನ್ ಅಂಗಡಿಯ ಮುಂದೆ ಕೂಡ ಜನ ಅಷ್ಟು ಶಿಸ್ತಾಗಿ ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ಕೊಲೆಯ ಧಾರಾವಾಹಿ ವಾಸಿ, ಅಲ್ಲಿ ತಲೆಗೆ ಸ್ವಲ್ಪ ಕೆಲಸವಿರುತ್ತದೆ. ಕೊಲೆಗಾರ ಯಾರೆಂದು ನನಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕಣ್ಣು ಕೆಂಪಗೆ ಮಾಡಿಕೊಂಡು ಕೂಗಾಡುವವನು ಅಲ್ಲವೇ ಅಲ್ಲ. ಇನ್ಸ್‌ಪೆಕ್ಟರಿಗೆ ಕುರ್ಚಿ ಒರೆಸಿ ಕೊಡುತ್ತಾನಲ್ಲ, “ಕಾಫಿ ತಗೊಳ್ತೀರಾ ಸಾರ್” ಎನ್ನುತ್ತಾನಲ್ಲ, ಅವನೇ. ಅತಿವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಅಲ್ಲಿ ಸತ್ತವರನ್ನು ಕೇಳುವವರಿಲ್ಲ. ಹೆಣದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಇನ್ಸ್‌ಪೆಕ್ಟರು ಕಪ್ಪು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಆಯಿತು. ಮುಂದಿನ ದೃಶ್ಯದಲ್ಲಿ ಎಲ್ಲರೂ ಬೋಂಡಾ ತಿನ್ನುತ್ತಿರುತ್ತಾರೆ. ಸತ್ತವನಿಗೆ ಮನೆಯಿಲ್ಲವೇ? ಅವನ ಅಂಗಿ ಯಾರು ಮಡಿಸಿಟ್ಟರು, ಅವನಿಗೆಂದು ಮಾಡಿದ ಅನ್ನ ಏನಾಯಿತು, ಒಂದನ್ನೂ ತೋರಿಸುವುದಿಲ್ಲ. ಒಬ್ಬರಾದರೂ ಅಳಬೇಡವೇ? ಈ ಸಿಟ್ಟು ನನಗೆ ಮೊದಲಿನಿಂದ ಇದ್ದದ್ದಲ್ಲ. ನನ್ನ ತಮ್ಮ ಆ ಧಾರಾವಾಹಿಗಳಲ್ಲಿ ಹೆಣವಾಗತೊಡಗಿದ ಮೇಲೆ ಬಂದದ್ದು.

ವಿರೂಪಾಕ್ಷ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವ್ವ ಹೋದಾಗ ಅವನಿಗೆ ಒಂಬತ್ತು. ನಾನೇ ಸಾಕಿದೆ, ಗಿರಣಿಯ ಸದ್ದಿನಲ್ಲೇ ಬೆಳೆದ. ಮೆಣಸಿನಕಾಯಿ ಪುಡಿ ಮಾಡುವ ದಿನ ಗಿರಣಿಯೊಳಗೆ ನಿಲ್ಲಲು ಯಾರಿಗೂ ಆಗುವುದಿಲ್ಲ, ಕೆಮ್ಮಿ ಕೆಮ್ಮಿ ಕಣ್ಣು ಮೂಗು ಒಂದಾಗುತ್ತದೆ. ಅವನು ಮಾತ್ರ ಎಡಗೈ ಬೆನ್ನಿನಿಂದ ಮೂಗು ಒರೆಸಿಕೊಂಡು, ಒಂದು ಉಸಿರು ಎಳೆದು, ಇಡೀ ಡಬ್ಬ ಮೆಣಸಿನಕಾಯಿ ಸುರಿದು ಮುಗಿಯುವವರೆಗೆ ಉಸಿರು ಬಿಡದೆ ನಿಲ್ಲುತ್ತಿದ್ದ. ಅದೇ ವಿದ್ಯೆ ಅವನ ಅನ್ನವಾಯಿತು. ನಟನಾಗುತ್ತೇನೆಂದು ಪಟ್ಟಣಕ್ಕೆ ಹೋದ. ಮುಖ ಸಾಧಾರಣ, ಮಾತು ಇನ್ನೂ ಸಾಧಾರಣ. ಆದರೆ ನೂರ ಹತ್ತು ಎಣಿಸುವವರೆಗೆ ಎದೆ ಅಲುಗಿಸದೆ ಮಲಗುವ ಮನುಷ್ಯ ಎಲ್ಲಿ ಸಿಗುತ್ತಾನೆ? ಹದಿನಾಲ್ಕು ವರ್ಷ ಅವನು ಹೆಣದ ಪಾತ್ರ ಮಾಡಿದ. ಬಾವಿಯಲ್ಲಿ ತೇಲಿದ, ಗೋಣಿಚೀಲದಿಂದ ಉರುಳಿದ, ರೈಲ್ವೆ ಹಳಿಯ ಪಕ್ಕ ಬಿದ್ದಿದ್ದ. ಪರದೆಗೆ ಬರುವಾಗಲೇ ಸತ್ತಿರುತ್ತಿದ್ದ. ಸತ್ತವರಿಗೆ ನಮ್ಮೂರಿನವರ ಮಾತೂ ಕೇಳಿಸುವುದಿಲ್ಲ, ಹಾಗಾಗಿ ನಾವು ಸುಮ್ಮನೆ ನೋಡುತ್ತಿದ್ದೆವು.

ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬಂದಾಗ ಗಿರಣಿಯ ಜಗಲಿಯ ಮೇಲೆ ಅಂಗಾತ ಮಲಗಿ ಅಭ್ಯಾಸ ಮಾಡುತ್ತಿದ್ದ. ಅವನ ಹೆಂಡತಿ ಮಂದಾಕಿನಿ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಲೇ ಎಣಿಸುತ್ತಿದ್ದಳು. ತೊಂಬತ್ತು, ನೂರು, ನೂರ ಹತ್ತು. ಆಮೇಲೆ ಅವನ ಭುಜ ಹಿಡಿದು ಎಬ್ಬಿಸಿ ಬೆನ್ನು ತಟ್ಟಿ, “ಸಾಕು, ಉಸಿರು ಬಿಡಿ” ಎನ್ನುತ್ತಿದ್ದಳು. ಅವಳು ಹಾಗೆ ಹೇಳಿ ತಟ್ಟುವವರೆಗೆ ಅವನು ಬಿಡುತ್ತಿರಲಿಲ್ಲ. ಮಕ್ಕಳಿಲ್ಲದ ಅವರಿಬ್ಬರ ಆಟ ಅದು. ಗಿರಣಿಯೊಳಗಿಂದ ನೋಡಿ ನಾನು, “ಸಾಯೋಕೂ ಹೆಂಡ್ತಿ ಅಪ್ಪಣೆ ಬೇಕೇನೋ ನಿಂಗೆ!” ಎಂದು ಕೂಗುತ್ತಿದ್ದೆ. ಬೀದಿಗೆಲ್ಲ ಕೇಳಿಸುತ್ತಿತ್ತು.

ಎರಡು ವರ್ಷದ ಹಿಂದಿನ ಒಂದು ಭಾನುವಾರ. ಮಂದಾ ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟಿದ್ದಳು. ಅವನಿಗೆ ಪ್ರಾಣ ಒಬ್ಬಟ್ಟು. ಹೂರಣ ರುಬ್ಬುವ ಹೊತ್ತಿಗೆ ಪಟ್ಟಣದಿಂದ ಫೋನ್ ಬಂತು, ಕೂಡಲೇ ಹೊರಟು ಬಾ ಎಂದು. ಮೂರು ಸಲ ಹೀಗೇ ಆಗಿತ್ತು, ಇದು ನಾಲ್ಕನೆಯದು. ಮಂದಾ ಒಂದು ಮಾತೂ ಆಡದೆ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂತಳು. “ಹೋಗಿ ಬರ್ತೀನಿ ಮಂದಾ” ಎಂದ ಇವನು. ಅವಳು ತಿರುಗಲಿಲ್ಲ. ಮೆಟ್ಟಿಲಿಳಿದು ಇನ್ನೊಮ್ಮೆ ಹೇಳಿದ. ಗೇಟಿನ ಹತ್ತಿರ ನಿಂತು ಮತ್ತೊಮ್ಮೆ. ಅವಳು ಅದೇ ಬಾಣಲೆಯನ್ನು ತಿಕ್ಕುತ್ತಲೇ ಇದ್ದಳು. ನಾನು ಗಿರಣಿಯೊಳಗಿಂದ, “ಹೋಗಿ ಬಾರೋ, ಅವಳ ಸಿಟ್ಟು ಸಂಜೆ ಹೊತ್ತಿಗೆ ಇಳಿಯುತ್ತೆ” ಎಂದು ಕೂಗಿದೆ. ನಕ್ಕು ಹೋದ.

ಐದನೆಯ ದಿನ ಗಿರಣಿಯ ಫೋನಿಗೆ ಕರೆ ಮಾಡಿದ. “ಅಕ್ಕಾ, ಮುನ್ನೂರ ಹನ್ನೆರಡನೇ ಕಂತು, ಮರೀಬೇಡ. ಈ ಸಲ ಬದುಕಿರೋ ಪಾತ್ರ! ಒಂದು ನಿಮಿಷ ಪೂರ್ತಿ ಬದುಕಿರ್ತೀನಿ. ಬೀಗ ರಿಪೇರಿ ಅಂಗಡಿಯವನು ನಾನು. ಬಾಗಿಲು ತೆಗೀತೀನಿ, ಟೀ ಕುಡೀತೀನಿ, ಆಮೇಲೆ ಹಿಂದಿನಿಂದ ಬಂದು ಹೊಡೀತಾರೆ. ಸಾಯೋದಂತೂ ನೋಡು, ಹಾಗೆ ಯಾವತ್ತೂ ಸತ್ತಿಲ್ಲ ನಾನು!” ಎಂದ. ಮಾತು ಇದೆಯೇನೋ ಎಂದು ಕೇಳಿದೆ. ಇಲ್ಲ ಎಂದ. ಮಂದಾಳನ್ನು ಕರೆಯುತ್ತೇನೆ ತಡಿ ಎಂದು ನಾನು ಬೆಲ್ಟು ನಿಲ್ಲಿಸುವುದರೊಳಗೆ ಲೈನ್ ಕಟ್ಟಾಯಿತು. ಇನ್ನೊಂದು ವಾರಕ್ಕೆ ಅವನಿಗೆ ಜ್ವರವಂತೆ ಎಂದು ಸುದ್ದಿ ಬಂತು. ನಾವು ಬಸ್ಸು ಹಿಡಿದು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಮಂದಾ ಬಹಳ ಹೊತ್ತು ತುಟಿ ಅಲುಗಿಸುತ್ತಿದ್ದಳು. ಎಣಿಸುತ್ತಿದ್ದಳು ಎಂದು ನನಗೆ ಆಮೇಲೆ ಹೊಳೆಯಿತು. ನೂರ ಹತ್ತು ದಾಟಿದ ಮೇಲೂ ಎಣಿಸುತ್ತಿದ್ದಳು.

ನಮ್ಮೂರಿಗೆ ಎಲ್ಲವೂ ಎರಡು ವರ್ಷ ತಡವಾಗಿ ಬರುತ್ತದೆ. ಮುನ್ನೂರ ಹನ್ನೆರಡನೆಯ ಕಂತು ಬರುವ ಗುರುವಾರ ಯಾವುದೆಂದು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದೆ. ಆ ವಾರದ ಮಾತಿನ ಸರದಿ ಅಚ್ಯುತರಾಯರ ಮನೆಯದು. ನಮ್ಮ ಸರದಿಗೆ ಇನ್ನೂ ಮೂರು ವರ್ಷವಿತ್ತು. ರಾಯರು ರೈಲು ನಿಲ್ಲದ ಒಂದು ಸ್ಟೇಷನ್ನಿನಲ್ಲಿ ನಲವತ್ತು ವರ್ಷ ಬಾವುಟ ಹಿಡಿದು ನಿಂತು ನಿವೃತ್ತರಾದವರು. ವಯಸ್ಸು ಎಪ್ಪತ್ತೆಂಟು, ಹೆಂಡತಿ ತೀರಿಕೊಂಡಿದ್ದಾರೆ. ಡ್ರೈವರನ ಅಂಗೈ ಪ್ರಕರಣದಿಂದ ನನ್ನ ಮೇಲೆ ಅವರಿಗೆ ಕೆಂಡದಂಥ ಕೋಪ. ಆದರೂ ಹೋದೆ.

“ರಾಯರೇ, ನಿಮ್ಮ ಸರದಿ ನಮಗೆ ಕೊಡ್ತೀರಾ? ನಮ್ಮ ಸರದಿ ನೀವು ತಗೊಳ್ಳಿ” ಎಂದೆ.

“ಮೂರು ವರ್ಷ ಆದ್ಮೇಲೆ ಬರೋ ಸರದಿ ಇಟ್ಕೊಂಡು ನಾನೇನಮ್ಮ ಮಾಡ್ಲಿ? ಅಷ್ಟು ದಿನ ಇರ್ತೀನೋ ಇಲ್ವೋ” ಎಂದರು. ಆಮೇಲೆ ಮೂಗಿನ ತುದಿಗೆ ಜಾರಿದ್ದ ಕನ್ನಡಕ ಮೇಲೇರಿಸಿ, “ನಾನು ಏನು ಹೇಳ್ಬೇಕು ಅಂತಿದ್ದೆ ಗೊತ್ತಾ ನಿಂಗೆ? ಇನ್ಸ್‌ಪೆಕ್ಟರ್ ಹಿಂದೆ ಒಬ್ಬ ವಯಸ್ಸಾದ ಕಾನ್ಸ್‌ಟೇಬಲ್ ಇದಾನಲ್ಲ, ಮುನ್ನೂರು ಕಂತಿನಿಂದ ನಿಂತೇ ಇದಾನೆ. ಒಬ್ರಾದ್ರೂ ಅವನಿಗೆ ಕೂತ್ಕೋ ಅಂದಿಲ್ಲ. ಕೂತ್ಕೊಳ್ಳಪ್ಪ ಅನ್ನೋಣ ಅಂತ ಐದಾರು ವರ್ಷದಿಂದ ಕಾಯ್ತಾ ಇದೀನಿ” ಎಂದರು.

“ಆ ಕಂತಿನಲ್ಲಿ ನಮ್ಮ ವಿರೂಪ ಬರ್ತಾನೆ ರಾಯರೇ. ಬದುಕಿರ್ತಾನೆ” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. “ಮಂದಾಕಿನಿ ಮಣೆ ಮೇಲೆ ಕೂರೋದಾದ್ರೆ ಕೊಡ್ತೀನಿ. ನೀನು ಕೂರೋ ಹಾಗಿಲ್ಲ. ನಿನ್ನ ಬಾಯಿ ಮೇಲೆ ನಂಗೆ ನಂಬಿಕೆ ಇಲ್ಲ ನೀಲಮ್ಮ” ಎಂದರು. ಒಪ್ಪಿಕೊಂಡು ಬಂದೆ. ರಾಯರ ಈ ಉಪಕಾರಕ್ಕೆ ಊರು ಆಮೇಲೆ ಏನು ಮಾಡಿತು ಎಂಬುದು ಬೇರೆಯೇ ಕಥೆ. ಈಗ ಆ ಕಾನ್ಸ್‌ಟೇಬಲ್ ಕೂತುಕೊಂಡೇ ಸೆಲ್ಯೂಟ್ ಹೊಡೆಯುತ್ತಾನೆ ಎಂದಷ್ಟೇ ಹೇಳುತ್ತೇನೆ.

ನನ್ನ ಯೋಚನೆ ಸರಳವಾಗಿತ್ತು. ‘ಹಿಂದೆ ನೋಡಿ’ ಎಂದು ಮಂದಾ ಒಂದು ಮಾತು ಹೇಳಿದರೆ ಸಾಕು. ಅವನು ತಿರುಗುತ್ತಾನೆ, ಪೆಟ್ಟು ತಪ್ಪುತ್ತದೆ, ಉಳಿಯುತ್ತಾನೆ. ಉಳಿದವರು ಧಾರಾವಾಹಿಯಲ್ಲೇ ಇರುತ್ತಾರೆ. ನಾಲ್ಕು ವರ್ಷದ ಹಿಂದೆ ನಮ್ಮ ಸರದಿ ಬಂದಾಗ ನಾನೇ ಒಬ್ಬ ಬ್ಯಾಂಕಿನ ಗುಮಾಸ್ತೆಯನ್ನು ಉಳಿಸಿದ್ದೆ. ನೀಲಿ ಸೀರೆ ಉಟ್ಟು, ಕೈಯಲ್ಲಿ ಟಿಫಿನ್ ಬಾಕ್ಸ್ ಹಿಡಿದು ಲಿಫ್ಟಿಗೆ ಕಾಯುತ್ತಿದ್ದಳು. “ಲಿಫ್ಟ್ ಹತ್ಬೇಡಮ್ಮ!” ಎಂದೆ, ಹತ್ತಲಿಲ್ಲ. ಅಂದಿನಿಂದ ಪ್ರತಿ ಕಂತಿನಲ್ಲೂ ಎಲ್ಲಾದರೊಂದು ಕಡೆ, ಬೀದಿಯ ಆಚೆಯಲ್ಲೋ ಕೋರ್ಟಿನ ಮೆಟ್ಟಿಲ ಮೇಲೋ, ಅವಳು ನಿಂತಿರುತ್ತಾಳೆ. ನನಗಂತೂ ಅವಳನ್ನು ಕಂಡಾಗಲೆಲ್ಲ ಹೆಮ್ಮೆ. ಹಾಗೆಯೇ ವಿರೂಪನೂ ಇರಲಿ. ವಾರಕ್ಕೊಮ್ಮೆ ಕಣ್ಣಿಗೆ ಬಿದ್ದರೆ ಸಾಕಲ್ಲ, ಇನ್ನೇನು ಬೇಕು ನನಗೆ?

ಬುಧವಾರ ಮಧ್ಯಾಹ್ನ ಮಂದಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. “ಗಟ್ಟಿಯಾಗಿ ಹೇಳು ಮತ್ತೆ, ನಿನ್ನ ದನಿ ಸೊಳ್ಳೆ ಹಾಡಿದ ಹಾಗಿರುತ್ತೆ. ಅವನು ಟೀ ಲೋಟ ಎತ್ತಿದ ತಕ್ಷಣ ‘ಹಿಂದೆ ನೋಡಿ’ ಅನ್ನು” ಎಂದೆ.

“ನಾನು ಹಾಗನ್ನಲ್ಲ ಅಕ್ಕ” ಎಂದಳು.

“ಏನಂದೆ?”

“ಹೋಗಿ ಬನ್ನಿ ಅಂತೀನಿ. ಆವತ್ತು ಅನ್ಲಿಲ್ಲವಲ್ಲ, ಅದನ್ನ.”

ನನಗೆ ತಲೆ ಕೆಟ್ಟಿತು. “ಥೂ, ನಿನಗೇನು ಬುದ್ಧಿ ಇದೆಯೇನೆ? ಕಣ್ಣೆದುರಿಗೆ ಕೊಲೆ ಆಗ್ತಾ ಇದ್ರೆ ಹೋಗಿ ಬನ್ನಿ ಅಂತ ಕಳಿಸ್ತಾರಾ ಯಾರಾದ್ರೂ? ಉಳಿಸ್ಕೊಳ್ಳೋ ದಾರಿ ಇದೆ, ಉಳಿಸ್ಕೋಬಾರ್ದಾ?” ಎಂದೆ. ಗಿರಣಿ ನಿಂತಿತ್ತು, ಆದರೂ ಕೂಗಿಯೇ ಹೇಳಿದೆ.

ಮಂದಾ ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. “ಆ ನೀಲಿ ಸೀರೆಯವಳನ್ನ ಸರಿಯಾಗಿ ನೋಡಿದೀರಾ ಅಕ್ಕ? ನಾಲ್ಕು ವರ್ಷ ಆಯ್ತು, ಅವಳ ಟಿಫಿನ್ ಬಾಕ್ಸ್ ಇನ್ನೂ ಬಿಚ್ಚಿಲ್ಲ. ಅವಳು ಊಟ ಮಾಡೋ ದೃಶ್ಯ ಯಾರೂ ಬರೆದಿಲ್ಲ, ಮನೆಗೆ ಹೋಗೋ ದೃಶ್ಯಾನೂ ಬರೆದಿಲ್ಲ. ಸುಮ್ನೆ ನಿಂತಿರ್ತಾಳೆ, ನಮ್ಮ ಕಡೆ ನೋಡ್ತಾ. ನಿಮ್ಮ ತಮ್ಮನ್ನ ಹಾಗೆ ನಿಲ್ಲಿಸ್ಲಾ ನಾನು? ಅವರು ಸಾಯೋದನ್ನ ಕಲ್ತಿದ್ರು. ಹದಿನಾಲ್ಕು ವರ್ಷ ಕಲ್ತಿದ್ರು. ಇದು ಅವರ ಒಳ್ಳೇ ಸಾವು ಅಂತ ಅವರೇ ಹೇಳಿದ್ರಲ್ಲ ನಿಮ್ಹತ್ರ. ಅದನ್ನ ಕೆಡಿಸೋದಾ?”

“ನಿಂಗೆ ಅವನು ಬರೀ ಗಂಡ ಕಣೇ. ನಾನು ಸಾಕಿದ್ದು ಅವನನ್ನ” ಎಂದುಬಿಟ್ಟೆ. ಹೇಳಬಾರದಿತ್ತು. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ.

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಹೌದಕ್ಕ. ನೀವು ಹೋಗಿ ಬಾ ಅಂದು ಕಳಿಸಿದ್ರಿ. ನಾನು ಬಾಣಲೆ ತಿಕ್ತಾ ಇದ್ದೆ” ಎಂದಳು. ಮತ್ತೆ ಮೊರ ಕೈಗೆತ್ತಿಕೊಂಡಳು.

ಅಂದು ಸಂಜೆ ನಾನು ಒಳಗೊಳಗೇ ಒಂದು ನಿರ್ಧಾರ ಮಾಡಿದೆ. ಇವಳು ಹೇಳದಿದ್ದರೆ ಬಿಡಲಿ, ನಾನು ಕೂಗುತ್ತೇನೆ. ಊರು ಬಹಿಷ್ಕಾರ ಹಾಕಲಿ, ಗಿರಣಿಗೆ ಯಾರೂ ಬಾರದಿರಲಿ, ರಾಯರು ಮುಖ ತಿರುಗಿಸಲಿ. ತಮ್ಮ ಉಳಿಯುತ್ತಾನಲ್ಲ.

ಗುರುವಾರ ಗೋದಾಮಿನ ಬಾಗಿಲಲ್ಲಿ ಕಲ್ಲುಸಕ್ಕರೆ ಹಂಚುವ ದೇವೀರಮ್ಮ ನನಗೆಂದೇ ಎತ್ತಿಟ್ಟಿದ್ದ ದೊಡ್ಡ ಹರಳನ್ನು ಕೊಟ್ಟಳು. ಅವಳ ಎದುರಿಗೇ ಬಾಯಿಗೆ ಹಾಕಿಕೊಂಡೆ. ಒಳಗೆ ಹೋಗಿ ಕೂತವಳೇ ಕೆಮ್ಮುವ ನೆಪ ಮಾಡಿ ಅದನ್ನು ಸೆರಗಿಗೆ ಉಗುಳಿ ಗಂಟು ಹಾಕಿದೆ. ಮಂದಾ ಮಣೆಯ ಮೇಲೆ ಕೂತಿದ್ದಳು, ಮದುವೆಯ ಸೀರೆ ಉಟ್ಟಿದ್ದಳು. ಅವಳ ಹಿಂದೆಯೇ ನಾನು. ಇಡೀ ಊರು ನೆರೆದಿತ್ತು, ಎಲ್ಲರ ಕೆನ್ನೆಯೂ ಒಂದು ಕಡೆ ಉಬ್ಬಿತ್ತು. ಬಾಯಿ ಖಾಲಿ ಇದ್ದದ್ದು ಅವಳದು ಮತ್ತು ನನ್ನದು, ಇಬ್ಬರದೇ.

ಕಂತು ಶುರುವಾಯಿತು. ಬೆಳಗಿನ ಬೀದಿ, ಸೈಕಲ್ಲಿನಲ್ಲಿ ಹಾಲಿನವನು. ಆಮೇಲೆ ಅವನು ಬಂದ. ಪಟ್ಟೆ ಅಂಗಿ ಹಾಕಿದ್ದ, ಬೀಗದ ಕೈಗಳ ಗೊಂಚಲು ಹಿಡಿದಿದ್ದ. ಎರಡು ವರ್ಷದ ಮೇಲೆ ನನ್ನ ತಮ್ಮ ನಡೆದು ಬಂದ ನೋಡಿ, ಎಡಗಾಲು ಸ್ವಲ್ಪ ಎಳೆಯುವ ಅದೇ ನಡಿಗೆ! ಹದಿನಾಲ್ಕು ವರ್ಷ ಮಲಗಿದ್ದನ್ನಷ್ಟೇ ನೋಡಿದ್ದ ಪರದೆಯ ಮೇಲೆ ಅವನು ಬಗ್ಗಿ ಶಟರ್ ಎತ್ತಿದ, ಸ್ಟೂಲಿನ ಮೇಲೆ ಕೂತ, ಟೀ ಲೋಟಕ್ಕೆ ಊದಿದ. ಗೋದಾಮಿನಲ್ಲಿ ಹರಳು ಚೀಪುವ ಸದ್ದು ಕೂಡ ನಿಂತಿತು.

ಅವನು ಎರಡು ಗುಟುಕು ಕುಡಿದ ಮೇಲೆ ಮಂದಾ ಹೇಳಿದಳು. ಗಟ್ಟಿಯಾಗಿ ಏನಲ್ಲ, ಬಾಗಿಲಲ್ಲಿ ನಿಂತು ಹೇಳುವ ಹಾಗೆಯೇ. “ಹೋಗಿ ಬನ್ನಿ.”

ವಿರೂಪನ ಲೋಟ ತುಟಿಯ ಹತ್ತಿರವೇ ನಿಂತಿತು. ಮುಖವೆತ್ತಿ ನಮ್ಮ ಕಡೆ ನೋಡಿದ. ಗುರುತು ಹಿಡಿದ. ಮುಖದ ತುಂಬ ನಕ್ಕು, “ಬರ್ತೀನಿ ಮಂದಾ” ಎಂದ. ಮಂದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಇನ್ನೂ ನೋಡುತ್ತಲೇ ಇದ್ದ, ಏನೋ ಹುಡುಕುವವನ ಹಾಗೆ. “ಅಕ್ಕ ಎಲ್ಲಿ? ಏನು, ಸದ್ದೇ ಇಲ್ಲ?” ಎಂದ.

ಮಂದಾಳ ಒಂದು ಮಾತು ಮುಗಿದಿತ್ತು. ಊರಿನವರ ಬಾಯಲ್ಲಿ ಕಲ್ಲುಸಕ್ಕರೆ. ಉತ್ತರ ಕೊಡಲು ಆಗುವವಳು ನಾನೊಬ್ಬಳೇ. ಅಷ್ಟರಲ್ಲಿ ಅವನ ಬೆನ್ನ ಹಿಂದೆ, ಅಂಗಡಿಯ ಪಕ್ಕದ ಸಂದಿಯಿಂದ, ಬಿಳಿ ಅಂಗಿಯ ಒಬ್ಬ ಮನುಷ್ಯ ಬಂದ. ಕಳೆದ ವಾರ ಇನ್ಸ್‌ಪೆಕ್ಟರಿಗೆ ಕಾಫಿ ತಂದುಕೊಟ್ಟವನು, ನಾನು ಆಗಲೇ ಗುರುತು ಮಾಡಿಟ್ಟಿದ್ದವನು. ಕೈಯಲ್ಲಿ ಕಬ್ಬಿಣದ ಸಲಾಕೆ. ನನ್ನ ಎದೆಯಲ್ಲಿ ಕೂಗು ಗಂಟಲವರೆಗೆ ಬಂತು. ಬಾಯಿ ತೆರೆದೇಬಿಟ್ಟೆ. ಆಗ ಕಂಡಳು ಅವಳು. ಬೀದಿಯ ಆಚೆ, ವಿದ್ಯುತ್ ಕಂಬಕ್ಕೆ ಒರಗಿ, ನೀಲಿ ಸೀರೆಯವಳು. ಟಿಫಿನ್ ಬಾಕ್ಸನ್ನು ಎದೆಗೆ ಒತ್ತಿ ಹಿಡಿದಿದ್ದಳು. ಸೀದಾ ನನ್ನನ್ನೇ ನೋಡುತ್ತಿದ್ದಳು. ಇಷ್ಟು ದಿನ ನನಗೆ ನನ್ನ ಹೆಮ್ಮೆಯಷ್ಟೇ ಕಂಡಿತ್ತು. ಅವಳ ಕಣ್ಣಿನಲ್ಲಿ ಹಸಿವಿದೆ ಎಂದು ಅಂದು ಕಂಡಿತು.

ವಿರೂಪ ಲೋಟ ಕೆಳಗಿಟ್ಟ. ಎಡಗೈ ಬೆನ್ನಿನಿಂದ ಮೂಗು ಒರೆಸಿಕೊಂಡ. ಅವನಿಗೆ ಹಿಂದೆ ಯಾರಿದ್ದಾರೆಂದು ಗೊತ್ತಿತ್ತು. ಕೆಲಸಕ್ಕೆ ಸಿದ್ಧವಾಗುತ್ತಿದ್ದ, ಅಷ್ಟೇ. ಉತ್ತರಕ್ಕೆ ಮಾತ್ರ ಕಾಯುತ್ತಿದ್ದ.

“ಇಲ್ಲೇ ಇದೀನಪ್ಪ” ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಮೆಲ್ಲಗೆ ನಾನು ಮಾತಾಡಿದವಳಲ್ಲ. ಪಕ್ಕದಲ್ಲಿದ್ದ ಅಚ್ಯುತರಾಯರು ಕತ್ತು ತಿರುಗಿಸಿ ನನ್ನನ್ನು ನೋಡಿದರು, ಮತ್ತೆ ಪರದೆಯ ಕಡೆ ತಿರುಗಿಕೊಂಡರು. ತಮಗೆ ಏನೂ ಕೇಳಿಸಲಿಲ್ಲ ಎಂದು ಅವರು ಇವತ್ತಿಗೂ ಹೇಳುತ್ತಾರೆ.

ತಮ್ಮ ತಲೆಯಾಡಿಸಿದ. ಒಂದು ಉಸಿರು ಎಳೆದುಕೊಂಡ, ಮೆಣಸಿನಕಾಯಿ ಸುರಿಯುವ ದಿನ ಎಳೆದುಕೊಳ್ಳುತ್ತಿದ್ದ ಹಾಗೆ. ನಾನೂ ಎಳೆದುಕೊಂಡೆ. ಸಲಾಕೆ ಬಿತ್ತು. ಅವನು ಸ್ಟೂಲಿನಿಂದ ಪಕ್ಕಕ್ಕೆ ವಾಲಿದ, ಬೀಗದ ಕೈಗಳು ಒಂದೊಂದಾಗಿ ನೆಲದ ಮೇಲೆ ಜಾರಿದವು, ಕೊನೆಗೆ ಅವನ ಕೈ ಅವುಗಳ ಮೇಲೆ ನಿಧಾನವಾಗಿ ಬಂದು ಮಲಗಿತು. ಸುಳ್ಳು ಹೇಳಲಿಲ್ಲ ಅವನು. ಹಾಗೆ ಸಾಯುವುದನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಬೀದಿಯಲ್ಲಿ ಜನ ಸೇರಿದರು, ಜೀಪು ಬಂತು, ಸೀಮೆಸುಣ್ಣದವನು ಬಂದು ಗೆರೆ ಎಳೆದ. ಅವನ ಎದೆ ಒಂದಿಷ್ಟೂ ಅಲುಗಲಿಲ್ಲ. ಮುಂದೆ ಮಣೆಯ ಮೇಲೆ ಮಂದಾಳ ತುಟಿ ಅಲುಗುತ್ತಿತ್ತು. ತೊಂಬತ್ತು, ನೂರು. ನಾನು ಉಸಿರು ಹಿಡಿದೇ ಕೂತಿದ್ದೆ. ಕಣ್ಣು ಕತ್ತಲೆ ಬರುತ್ತಿತ್ತು, ಬಿಡಲಿಲ್ಲ. ನಾನು ಬಿಟ್ಟರೆ ಅವನದು ಎಲ್ಲಿ ಹೋಗಿಬಿಡುತ್ತದೋ ಎಂದು ಭಯ.

ನೂರ ಹತ್ತಕ್ಕೆ ಅವನ ಮುಖದ ಮೇಲೆ ಬಿಳಿ ಬಟ್ಟೆ ಎಳೆದರು. ಮಂದಾ ಮಣೆಯಿಂದ ಎದ್ದು ನನ್ನ ಹತ್ತಿರ ಬಂದು ಕೂತಳು. ಭುಜ ಹಿಡಿದಳು, ಬೆನ್ನು ತಟ್ಟಿದಳು. ನನ್ನ ಕಿವಿಗಷ್ಟೇ ಕೇಳಿಸುವ ಹಾಗೆ, “ಸಾಕು ಅಕ್ಕ, ಉಸಿರು ಬಿಡಿ” ಎಂದಳು.

ಬಿಟ್ಟೆ. ಎರಡು ವರ್ಷದಿಂದ ಹಿಡಿದಿಟ್ಟಿದ್ದೆಲ್ಲ ಬಂತು, ನನ್ನ ಗಂಟಲು ಎಷ್ಟು ದೊಡ್ಡದೋ ಅಷ್ಟೂ ಬಂತು. ಯಾರೂ ನನ್ನನ್ನು ಸುಮ್ಮನಿರು ಎನ್ನಲಿಲ್ಲ. ಪರದೆಯೊಳಗೆ ಇನ್ಸ್‌ಪೆಕ್ಟರು ಹೆಣದ ಪಕ್ಕ ಮಂಡಿಯೂರಿ ಕೂತು ಕಪ್ಪು ಕನ್ನಡಕ ತೆಗೆದರು. ಅಳುತ್ತಿರುವುದು ಯಾರೆಂದು ತಿರುಗಿ ನಮ್ಮ ಕಡೆ ನೋಡಿದರು. ಆ ಕಂತು ಮುಗಿಯುವವರೆಗೂ ಅವರು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ.